ಹೊಸ ರಿಂಗ್ ಸೆಟ್, ಒಂದೇ ಬಾಕ್ಸಿನಲ್ಲಿ ಎರಡು ಅಳತೆ. ಹಾಕಬಹುದಾ?

ತೋಟದಜೀಪು (ಸೋಮವಾರಪೇಟೆ):
ನಮ್ಮದು ಹಳೇ ಮಹೀಂದ್ರಾ ಡಿಐ ಜೀಪು, 2523 ಸಿಸಿ. ಬ್ಯಾಕ್ ಕಂಪ್ರೆಶನ್ (ರಿಂಗ್ ದಾಟಿ ಗ್ಯಾಸ್ ಕೆಳಗೆ ಸೋರುವುದು) ಜಾಸ್ತಿ ಆಯ್ತು ಅಂತ ಇಂಜಿನ್ ಬಿಚ್ಚಿ ಬೋರಿಂಗ್ ಮಾಡಿಸಿದ್ದೇವೆ, ಅಂದರೆ ಸಿಲಿಂಡರ್ ಒಳಗೆ ಕೊರೆಸಿದ್ದೇವೆ. ಕಂಪನಿಯ ಪಿಸ್ಟನ್-ರಿಂಗ್ ಸೆಟ್ ಸಿಗಲಿಲ್ಲ, ಅಂಗಡಿಯವರು ಬೇರೆ ಬ್ರ್ಯಾಂಡಿನದ್ದು ಕೊಟ್ಟರು. ಬಾಕ್ಸ್ ನೋಡಿದರೆ ಹೊಲೊಗ್ರಾಂ ಎಲ್ಲಾ ಜೋರಾಗಿದೆ. ಆದರೆ ಟಾಪ್ ರಿಂಗನ್ನು ಬೋರಿಗೆ (ಸಿಲಿಂಡರ್ ಒಳಗೆ) ಇಳಿಸಿ, ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿದರೆ ಮೂರಕ್ಕೆ 0.35 ಮಿ.ಮೀ. ಹತ್ತಿರ ಬರುತ್ತದೆ, ನಾಲ್ಕನೆಯದಕ್ಕೆ 0.70. ಅಂಗಡಿಯವರು "ಎಲ್ಲಾ ಹಾಗೇ ಬರೋದು, ಹಾಕಿ" ಅಂತಾರೆ. ಕಾಫಿ ಕೊಯ್ಲು ಶುರುವಾಗುವ ಮುಂಚೆ ಗಾಡಿ ಬೇಕು. ಏನು ಮಾಡಲಿ?

ಮಾಂದಲ್‌ಪಟ್ಟಿ_ಡ್ರೈವರ್:
ಸುಮ್ನೆ ಹಾಕಿ ಓಡಿಸಿ ಅಣ್ಣ. ನಮ್ಮ ಕಡೆ ಸುಮಾರು ಗಾಡಿ ಲೋಕಲ್ ಸೆಟ್ಟಲ್ಲೇ ಗುಡ್ಡ ಹತ್ತುತ್ತಿವೆ.

ಲೇತ್_ಕುಶಾಲನಗರ:
ಹತ್ತುತ್ತವೆ, ಹಿಂದೆ ಬರುವವರಿಗೆ ಹೊಗೆ ಕುಡಿಸಿಕೊಂಡು. ತೋಟದಜೀಪು ಅವರೇ, ಮೊದಲು ಆ ನಾಲ್ಕನೇ ರಿಂಗನ್ನು ಒಂದನೇ ಬೋರಿಗೆ ಇಳಿಸಿ ನೋಡಿ. ಪಿಸ್ಟನ್ನನ್ನು ತಲೆಕೆಳಗು ಹಿಡಿದು ಅದರಲ್ಲೇ ರಿಂಗ್ ತಳ್ಳಿ, ಓರೆ ಆದರೆ ಅಳತೆ ಸುಳ್ಳು. ಅಲ್ಲೂ 0.70 ಬಂದರೆ ರಿಂಗಿನದ್ದೇ ತಪ್ಪು. ಅಲ್ಲಿ ಸರಿ ಬಂದರೆ ನಿಮ್ಮ ನಾಲ್ಕನೇ ಬೋರ್ ದೊಡ್ಡದಾಗಿದೆ, ಅಂಗಡಿಯವರನ್ನು ಬೈಯಬೇಡಿ. ಬೋರ್ ಬರೀ 0.1 ಮಿ.ಮೀ. ಜಾಸ್ತಿ ಆದರೂ ಗ್ಯಾಪ್ 0.3ಕ್ಕಿಂತ ಜಾಸ್ತಿ ಬೆಳೆಯುತ್ತದೆ.
ಈ ಇಂಜಿನ್ನಿನ ಬೋರ್ 88.9 ಮಿ.ಮೀ., ಅಂದರೆ ಮೂರೂವರೆ ಇಂಚು. ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಗ್ಯಾಪ್ ಲೆಕ್ಕ ಹಿಡಿದರೆ 14 ಥೌ, ನಿಮ್ಮ 0.35 ಸರಿಯಾಗಿಯೇ ಇದೆ. ಗ್ಯಾಪ್ ಕಮ್ಮಿ ಇದ್ದರೆ ಅರ ಹಾಕಿ ಸರಿ ಮಾಡಬಹುದು, ಜಾಸ್ತಿ ಇದ್ದರೆ ಆ ರಿಂಗ್ ವಾಪಸ್ಸೇ.

ತೋಟದಜೀಪು:
ನೋಡಿದೆ ಸರ್. ಯಾವ ಬೋರಿಗೆ ಹಾಕಿದರೂ ಅದೇ 0.70. ಬೇರೆ ರಿಂಗ್ ನಾಲ್ಕನೇ ಬೋರಿನಲ್ಲಿ ಸರಿಯಾಗಿ ಕೂರುತ್ತದೆ.

ಗೋಣಿಕೊಪ್ಪ_ಡೀಸೆಲ್:
ಹಾಗಾದರೆ ಆ ಒಂದೇ ರಿಂಗಿಗೆ ನಿಲ್ಲಿಸಬೇಡಿ. ಟಾಪ್ ರಿಂಗನ್ನೇ ಅಳೆಯದೆ ಬಾಕ್ಸಿಗೆ ತುಂಬಿದವರು ಪಿಸ್ಟನ್ ಅಳೆದಿರುತ್ತಾರಾ? ಪಿಸ್ಟನ್ ಗುಂಡಗೆ ಇರುವುದಿಲ್ಲ, ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ ಗೋಡೆ) ಕೆಳತುದಿ ಹತ್ತಿರ ಮೈಕ್ರೋಮೀಟರ್ ಹಿಡಿಯಬೇಕು. ನಾಲ್ಕನ್ನೂ ತೂಕ ಮಾಡಿ, ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಬೇರಿಂಗ್ ಕೂಡ ಅದೇ ಬ್ರ್ಯಾಂಡಾ? ಹಾಗಿದ್ದರೆ ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದಷ್ಟರ ಮೇಲೆ ಸಂದು ತಿಳಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಟೈಟ್ ಮಾಡಿ ನೋಡದೆ ಮುಚ್ಚಲೇಬೇಡಿ. ನನಗೆ ಸಿಟ್ಟು ಬರುವುದು ಇಲ್ಲೇ. ಪಾರ್ಟ್ ಕೆಟ್ಟರೆ ಅಂಗಡಿಯವರು ಹೆಚ್ಚೆಂದರೆ ಪಾರ್ಟ್ ಬದಲಿಸಿ ಕೊಡುತ್ತಾರೆ, ಮತ್ತೆ ಬಿಚ್ಚಿದ ಕೂಲಿ, ಗ್ಯಾಸ್ಕೆಟ್, ಆಯಿಲ್, ಕೊಯ್ಲಿನಲ್ಲಿ ಬಾಡಿಗೆ ಜೀಪು ಎಲ್ಲಾ ನಮ್ಮ ತಲೆಗೆ.

ಲೇತ್_ಕುಶಾಲನಗರ:
ಇದಕ್ಕೇ ನಾನು ಪಿಸ್ಟನ್ ಕೈಗೆ ಬರುವವರೆಗೆ ಬೋರ್ ಮಾಡುವುದಿಲ್ಲ. ಬಾಕ್ಸಿನ ಮೇಲಿನ ಸೈಜ್ ನಂಬದೆ ಒಂದೊಂದನ್ನೂ ಅಳೆದು, ಅದಕ್ಕೆ ತಕ್ಕ ಬೋರ್ ಮಾಡಿ ನಂಬರ್ ಹಾಕಿ ಕೊಡುತ್ತೇನೆ. ಕೆಲವರು "ಇವನದ್ದು ಲೇಟು" ಅಂತಾರೆ, ಅನ್ನಲಿ.

ತೋಟದಜೀಪು:
ಬೇರಿಂಗೂ ಅದೇ ಬ್ರ್ಯಾಂಡು. ಸೆಟ್ ಪೂರ್ತಿ ವಾಪಸ್ ಕೇಳಿದ್ದೇನೆ, ರಿಂಗ್ ಮಾತ್ರ ಬದಲಿಸ್ತೀನಿ ಅಂತ ಹಠ ಹಿಡಿದಿದ್ದಾರೆ. ಲೇತ್ ಸರ್, ಪಿಸ್ಟನ್ ಮತ್ತು ಕ್ರ್ಯಾಂಕ್ ತಂದರೆ ಅಳೆದು ಒಂದು ಚೀಟಿಯಲ್ಲಿ ಬರೆದು ಕೊಡ್ತೀರಾ? ಅದನ್ನೇ ಅವರ ಟೇಬಲ್ ಮೇಲೆ ಇಡುತ್ತೇನೆ.