ಒಂದು ಜಿಪ್ ಫೈಲ್, ಐದು ಪ್ರಾಜೆಕ್ಟ್, ರಾತ್ರಿವರೆಗೆ ಜಗಳ

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಕೋಡಿಂಗ್ ಗಂಧಗಾಳಿ ಇಲ್ಲದವರಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಎರಡು ದಿನದ ಕಾರ್ಯಾಗಾರ ಮಾಡೋಣ ಅಂತ ಮಾತಾಗಿತ್ತು. ಅಭ್ಯಾಸದ ಪ್ರಾಜೆಕ್ಟ್‌ಗಳನ್ನು ಮಾಡಿಕೊಡುತ್ತೇನೆ ಅಂತ ಗಿರೀಶ ತಾನೇ ಮುಂದೆ ಬಂದ. ಸ್ಟಿಕರ್, ಶುಭಾಶಯ, ಫಾರ್ವರ್ಡ್ ಎಲ್ಲ ತೆಗೆದು ಉಳಿದದ್ದನ್ನು ಹಾಕಿದ್ದೇನೆ. ಬ್ರಾಕೆಟ್‌ನಲ್ಲಿ ಇರುವುದು ನನ್ನ ಮಾತು.

ಗಿರೀಶ: ಎಲ್ಲರೂ ನೋಡಿ. ಐದು ಪ್ರಾಜೆಕ್ಟ್ ರೆಡಿ. ಟು-ಡು ವೆಬ್‌ಸೈಟ್, ಹವಾಮಾನ ಆ್ಯಪ್, ಕ್ವಿಜ್, ನಂಬರ್ ಊಹಿಸುವ ಆಟ, ಪದ ಎಣಿಸುವುದು. ಜಿಪ್ ಬಿಚ್ಚಿ, ರೀಡ್‌ಮಿ (ಸೂಚನೆಗಳ ಫೈಲ್) ಓದಿ, ರನ್ ಮಾಡಿ. ಅಷ್ಟೇ.

ಅನುಷಾ: ಫೈಲ್ ಯಾಕೆ ಇಷ್ಟು ದೊಡ್ಡದಿದೆ?

ಗಿರೀಶ: ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಲ್ಲ ಒಳಗೇ ಇದೆ, ವೆನ್ವ್ (ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳನ್ನು ಬೇರೆಯಾಗಿ ಇಡುವ ಜಾಗ) ಫೋಲ್ಡರ್ ಸಮೇತ. ಯಾರೂ ಏನೂ ಇನ್‌ಸ್ಟಾಲ್ ಮಾಡುವುದು ಬೇಡ.

ಶೈಲಾ: ಅದು ನಿನ್ನ ಮ್ಯಾಕ್‌ನಲ್ಲಿ ಮಾಡಿದ ವೆನ್ವ್ ಕಣೋ. ಬೇರೆ ಕಂಪ್ಯೂಟರಿಗೆ ಹೊತ್ತುಕೊಂಡು ಹೋದರೆ ನಡೆಯುವುದಿಲ್ಲ. ಒಳಗೆ ಪೈವೆನ್ವ್ ಡಾಟ್ ಸಿಎಫ್‌ಜಿ ಅಂತ ಫೈಲ್ ಇದೆ, ತೆಗೆದು ನೋಡು. ಪೈಥಾನ್ ನಿನ್ನ ಮ್ಯಾಕ್‌ನಲ್ಲಿ ಎಲ್ಲಿದೆ ಅಂತ ಅದರಲ್ಲಿ ಬರೆದಿದೆ. ವಿಂಡೋಸ್‌ನಲ್ಲಿ 'ಸ್ಕ್ರಿಪ್ಟ್ಸ್' ಫೋಲ್ಡರ್ ಇರಬೇಕು, ಇಲ್ಲಿ 'ಬಿನ್' ಇದೆ.

ಮಂಜು: ನನ್ನ ಹಳೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಅಂತ ಟೈಪ್ ಮಾಡಿದೆ. ಮೈಕ್ರೋಸಾಫ್ಟ್ ಸ್ಟೋರ್ ಬಂದು ನಿಂತಿದೆ 😀

ಗಿರೀಶ: ಪೈಥಾನ್ ಹಾಕಿಕೊಳ್ಳದೆ ಟೈಪ್ ಮಾಡಿದರೆ ಇನ್ನೇನು ಬರುತ್ತದೆ ಮಾರಾಯ?

ಮಂಜು: ನೀನೇ ಅಲ್ವಾ ಏನೂ ಇನ್‌ಸ್ಟಾಲ್ ಮಾಡುವುದು ಬೇಡ ಅಂದದ್ದು?

ಅನುಷಾ: ಇನ್ನೊಂದು ವಿಷಯ. ಹವಾಮಾನದ ಫೋಲ್ಡರಿನಲ್ಲಿ ಡಾಟ್ ಇಎನ್‌ವಿ (ಗುಟ್ಟಿನ ಸೆಟ್ಟಿಂಗ್ ಇಡುವ) ಫೈಲ್ ಇದೆ. ಅದರಲ್ಲಿ ನಿನ್ನ ಎಪಿಐ ಕೀ (ಹವಾಮಾನದ ಸರ್ವರ್‌ನಿಂದ ಮಾಹಿತಿ ತರಿಸಲು ಬೇಕಾದ ಗುಟ್ಟಿನ ಕೋಡ್) ಹಾಗೇ ಕೂತಿದೆ.

ಗಿರೀಶ: ಉಚಿತ ಕೀ ಅದು. ಕದ್ದುಕೊಂಡು ಯಾರು ಏನು ಮಾಡುತ್ತಾರೆ?

ಅನುಷಾ: ಕದಿಯುವುದು ಆಮೇಲೆ. ಕ್ಲಾಸಿನಲ್ಲಿ ಎಲ್ಲರೂ ಒಂದೇ ಕೀ ಹಿಡಿದು ಒಟ್ಟಿಗೆ ರನ್ ಒತ್ತುತ್ತಾರೆ. ಮಿತಿ ದಾಟಿದ ಕೂಡಲೇ ಸರ್ವರ್ 429, ಅಂದರೆ 'ತುಂಬಾ ಸಲ ಕೇಳಿದಿರಿ', ಅಂತ ವಾಪಸ್ ಕಳಿಸುತ್ತದೆ. ಅವರು ತಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಜೊತೆಗೆ, ಕೀಯನ್ನು ಕೋಡಿನ ಜೊತೆ ಹಂಚಬಹುದು ಅಂತ ಮೊದಲ ದಿನವೇ ಕಲಿಸಿದ ಹಾಗಾಗುತ್ತದೆ. ಮೊದಲು ಆ ಕೀ ರದ್ದು ಮಾಡು.

ಗಿರೀಶ: ಸರಿ, ಕೀ ರದ್ದು ಮಾಡುತ್ತೇನೆ. ಆದರೆ ಒಂದು ಹೇಳಿ. ಸೆಟಪ್ ಕೂಡ ಕಲಿಯಬೇಕಲ್ವಾ? ಕೆಲಸಕ್ಕೆ ಸೇರಿದ ಮೇಲೆ ಮೊದಲು ಗುದ್ದಾಡುವುದೇ ಅದರ ಜೊತೆ. ನಾವೆಲ್ಲ ಹಾಗೇ ಕಲಿತದ್ದು.

ಶೈಲಾ: ಕಲಿಯಬೇಕು, ಮೊದಲ ಗಂಟೆಯಲ್ಲಿ ಬೇಡ. ನಿನಗೆ ಎರರ್ ಬಂದರೆ ಅದು ಕೋಡಿನದ್ದಾ, ಕಂಪ್ಯೂಟರಿನದ್ದಾ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹೊಸಬರಿಗೆ ಗೊತ್ತಾಗುವುದಿಲ್ಲ. ಪರದೆ ಮೇಲೆ ಕೆಂಪು ಅಕ್ಷರ ಬಂದರೆ ಸಾಕು, 'ಇದು ನನ್ನ ಕೈಲಾಗುವ ಕೆಲಸ ಅಲ್ಲ' ಅಂತ ಅಂದುಕೊಳ್ಳುತ್ತಾರೆ.

(ಇದು ಸರಿಯಾದ ಮಾತು. ಇಲ್ಲಿಗೇ ಮುಗಿಯಬಹುದಿತ್ತು. ಆದರೆ ವಾಟ್ಸಾಪ್ ಅಲ್ವಾ, ಮಂಜು ಹೊಸದೊಂದು ಎತ್ತಿದ.)

ಮಂಜು: ಇಷ್ಟೆಲ್ಲ ತಾಪತ್ರಯ ಯಾಕೆ? ಗೂಗಲ್ ಕೋಲ್ಯಾಬ್ (ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಸೇವೆ) ತೆಗೆಸಿ. ಬ್ರೌಸರ್ ಇದ್ದರೆ ಸಾಕು.

ಅನುಷಾ: ಲಾಗಿನ್ ಬೇಕು. ಪಾಸ್‌ವರ್ಡ್ ಮರೆತವರು ಇದ್ದೇ ಇರುತ್ತಾರೆ. ನೆಟ್ ಹೋದರೆ ಕ್ಲಾಸೂ ಹೋಯಿತು. ಅಲ್ಲಿ ಅಪ್‌ಲೋಡ್ ಮಾಡಿದ ಡೇಟಾ ಫೈಲ್ ಕೂಡ ಸೆಷನ್ ಮುಗಿದ ಮೇಲೆ ಇರುವುದಿಲ್ಲ. ಫೈಲ್ ಅಂದರೆ ಏನು, ಎಲ್ಲಿರುತ್ತದೆ ಅಂತಲೇ ಗೊತ್ತಿಲ್ಲದವರಿಗೆ ಅದನ್ನು ಹೇಗೆ ಹೇಳುತ್ತೀಯ?

ಶೈಲಾ: ಥಾನಿ ಹಾಕಿಸೋಣ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆ ಅಂತಲೇ ಮಾಡಿದ ಎಡಿಟರ್ (ಕೋಡ್ ಬರೆದು ಓಡಿಸುವ ಸಾಫ್ಟ್‌ವೇರ್). ಪೈಥಾನ್ ಅದರ ಜೊತೆಗೇ ಬರುತ್ತದೆ. ಒಂದು ಇನ್‌ಸ್ಟಾಲ್, ಮುಗಿಯಿತು. ಒಂದೊಂದೇ ಸಾಲು ಓಡಿಸಿ ಯಾವ ವೇರಿಯಬಲ್‌ನಲ್ಲಿ (ಮಾಹಿತಿ ಇಡುವ ಹೆಸರು) ಏನಿದೆ ಅಂತ ಪಕ್ಕದಲ್ಲೇ ತೋರಿಸಬಹುದು.

ಗಿರೀಶ: ನೋಡಿದ್ದೇನೆ. ಮಕ್ಕಳ ಆಟಿಕೆ ಥರ ಇದೆ. ವಿಎಸ್ ಕೋಡ್ ಅನ್ನುವ ಎಡಿಟರ್ ಆದರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಶೈಲಾ: ವಿಎಸ್ ಕೋಡ್ ಹಾಕಿದರೆ ಪೈಥಾನ್ ಬೇರೆ ಹಾಕಬೇಕು, ಎಕ್ಸ್‌ಟೆನ್ಶನ್ ಬೇರೆ ಹಾಕಬೇಕು, ಇಂಟರ್‌ಪ್ರಿಟರ್ (ಕೋಡ್ ಓದಿ ಓಡಿಸುವ ಪೈಥಾನ್) ಯಾವುದು ಅಂತ ಬೇರೆ ಆರಿಸಬೇಕು. ಮೊದಲ ಪ್ರಿಂಟ್ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಮಂಜು: ಥಾನಿ ಹಾಕಿ ಪದ ಎಣಿಸುವ ಪ್ರಾಜೆಕ್ಟ್ ನೋಡಿದೆ. ಡಬಲ್ ಕ್ಲಿಕ್ ಮಾಡಿ ತೆರೆದು ರನ್ ಒತ್ತಿದರೆ ಫೈಲ್ ನಾಟ್ ಫೌಂಡ್ ಎರರ್. ಡೇಟಾ ಫೈಲ್ ಪಕ್ಕದಲ್ಲೇ ಕಾಣುತ್ತಿದೆ!

ಅನುಷಾ: ಜಿಪ್ ಬಿಚ್ಚದೆ ಒಳಗಿಂದಲೇ ತೆರೆದಿದ್ದೀಯ. ವಿಂಡೋಸ್ ಆ ಒಂದು ಫೈಲನ್ನು ಮಾತ್ರ ತಾತ್ಕಾಲಿಕ ಜಾಗಕ್ಕೆ ತೆಗೆದು ತೆರೆಯುತ್ತದೆ. ಡೇಟಾ ಅಲ್ಲಿಗೆ ಬರುವುದಿಲ್ಲ. ಎಕ್ಸ್‌ಟ್ರಾಕ್ಟ್ ಆಲ್ ಮಾಡು.

ಮಂಜು: ಮಾಡಿದೆ. ಈಗ ಬೇರೆ ಎರರ್. ಯೂನಿಕೋಡ್ ಡಿಕೋಡ್ ಅಂತಿದೆ, 8ಡಿ ಅನ್ನುವ ಬೈಟ್ (ಕಂಪ್ಯೂಟರ್ ಫೈಲಿನಲ್ಲಿ ಇಡುವ ಮಾಹಿತಿಯ ಒಂದು ತುಣುಕು) ಓದಲು ಆಗುತ್ತಿಲ್ಲವಂತೆ. ಡೇಟಾದಲ್ಲಿ ಕನ್ನಡ ಪದಗಳಿವೆ. ತಮಾಷೆ ಏನು ಗೊತ್ತಾ? ಎಲ್ಲ ಅಳಿಸಿ 'ಕಮಲ' ಅಂತ ಮಾತ್ರ ಇಟ್ಟರೆ ಎರರ್ ಇಲ್ಲ, ಏನೇನೋ ಚಿತ್ರವಿಚಿತ್ರ ಅಕ್ಷರ ಬರುತ್ತದೆ. 'ಅಮ್ಮ' ಅಂತ ಬರೆದರೆ ನಿಂತೇ ಹೋಗುತ್ತದೆ.

ಗಿರೀಶ: ನನ್ನ ಮ್ಯಾಕ್‌ನಲ್ಲಿ ಎಲ್ಲ ಚೆನ್ನಾಗೇ ಓಡಿತ್ತು!

ಶೈಲಾ: ಓಡುತ್ತದೆ, ಮ್ಯಾಕ್ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಕ್ರಮ) ಅಂತಲೇ ಓದುತ್ತದೆ. ನೀನು ಕೋಡಿನಲ್ಲಿ ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್, ಅಂದರೆ ಯಾವ ಕ್ರಮದಲ್ಲಿ ಓದಬೇಕು ಅಂತ, ಹೇಳಿಲ್ಲ. ಆಗ ವಿಂಡೋಸ್‌ನಲ್ಲಿ ಪೈಥಾನ್, ಯಾವ ಬೈಟ್ ಯಾವ ಅಕ್ಷರ ಅಂತ ಹೇಳುವ ಅಲ್ಲಿನ ಹಳೇ ಪಟ್ಟಿ ಹಿಡಿದು ಓದುತ್ತದೆ. ಮಂಜು ಲ್ಯಾಪ್‌ಟಾಪಿನಲ್ಲಿ ಅದು 1252 ಇರಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಒತ್ತಕ್ಷರ ಬರೆದಾಗ ನಡುವೆ ಒಂದು ಅರ್ಧಾಕ್ಷರದ ಚಿಹ್ನೆ ಇರುತ್ತದೆ, ಅದರ ಮೂರನೇ ಬೈಟ್ 8ಡಿ. ಆ ಹಳೇ ಪಟ್ಟಿಯಲ್ಲಿ 8ಡಿ ಮನೆ ಖಾಲಿ. 'ಕಮಲ'ದಲ್ಲಿ ಒತ್ತಕ್ಷರ ಇಲ್ಲ, ಬಚಾವ್. ಕೊಂಬು ಇದ್ದರೂ ನಿಲ್ಲುತ್ತದೆ, ಅದರ ಕೊನೇ ಬೈಟ್ 81, ಆ ಮನೆಯೂ ಖಾಲಿ. ಓಪನ್ ಒಳಗೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ಸೇರಿಸು, ಸರಿಹೋಗುತ್ತದೆ.

(ಇದನ್ನು ಓದಿ ಗುಂಪಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಎಂದೂ ಮಾತಾಡದವರೂ ಬಂದು ಚಪ್ಪಾಳೆ ಹಾಕಿ ಹೋದರು.)

ಶೈಲಾ: ಈ ಎರರ್ ಕ್ಲಾಸಿನಲ್ಲಿ ಬಂದಿದ್ದರೆ? ಪದ ಎಣಿಸುವುದು ಕಲಿಯಲು ಬಂದವರು ಬೈಟ್ ಪಾಠ ಕೇಳಬೇಕಿತ್ತು. ನಾನು ಹೇಳುವುದು ಇಷ್ಟೇ. ಪ್ರಾಜೆಕ್ಟ್ ತೆರೆದ ಕೂಡಲೇ ಓಡಬೇಕು. ಕೆಟ್ಟರೆ ನಾವು ಬೇಕಂತಲೇ ಬಿಟ್ಟ ಒಂದೇ ಜಾಗದಲ್ಲಿ ಕೆಡಬೇಕು.

ಗಿರೀಶ: ಬೇಕಂತಲೇ ಕೆಡಿಸುವುದಾ? ನಾನು ಎಲ್ಲ ಸರಿ ಮಾಡಿ ಕೊಟ್ಟಿದ್ದೇನಲ್ಲ.

ಅನುಷಾ: ಅದೇ ಸಮಸ್ಯೆ. ನಿನ್ನ ಕ್ವಿಜ್ ಪೂರ್ತಿ ಮುಗಿದಿದೆ. ಬಂದವರು ನೋಡಿ 'ಚೆನ್ನಾಗಿದೆ' ಅನ್ನುತ್ತಾರೆ, ಅಷ್ಟೇ. ಖಾಲಿ ಫೈಲ್ ಕೊಟ್ಟರೂ ಕಷ್ಟ, ಎಲ್ಲಿಂದ ಶುರು ಮಾಡುವುದು ಅಂತ ಸುಮ್ನೆ ಕೂರುತ್ತಾರೆ.

ಶೈಲಾ: ನಂಬರ್ ಆಟವನ್ನೇ ತಗೋ. ಬಳಸುವವರು ಟೈಪ್ ಮಾಡಿದ್ದನ್ನು ಇನ್‌ಪುಟ್ ಅನ್ನುವ ಆಜ್ಞೆ ಕೊಡುವುದು ಯಾವಾಗಲೂ ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ. ನೀನು ಅದನ್ನು ಇಂಟ್ (ಪೂರ್ಣ ಸಂಖ್ಯೆಯಾಗಿ ಬದಲಿಸುವ ಆಜ್ಞೆ) ಒಳಗೆ ಹಾಕಿ ರೆಡಿ ಮಾಡಿಟ್ಟಿದ್ದೀಯ. ಆ ಇಂಟ್ ತೆಗೆ. ಆಗ 'ನಿಮ್ಮ ಊಹೆ ಚಿಕ್ಕದಾ' ಅಂತ ಹೋಲಿಸುವ ಸಾಲಿನಲ್ಲಿ ಟೈಪ್ ಎರರ್ (ಮಾಹಿತಿಯ ಬಗೆ ಹೊಂದುತ್ತಿಲ್ಲ ಅನ್ನುವ ತಪ್ಪು) ಬರುತ್ತದೆ. ಸ್ಟ್ರಿಂಗ್ ಮತ್ತು ಇಂಟ್ ನಡುವೆ ಚಿಕ್ಕದು-ದೊಡ್ಡದು ನೋಡಲು ಆಗುವುದಿಲ್ಲ ಅಂತ ಪೈಥಾನೇ ಹೇಳುತ್ತದೆ. ಅದನ್ನು ಓದಿ ಸರಿಮಾಡಲಿ.

ಮಂಜು: ನಾನು ಮೊದಲು 'ಸಮವಾ' ಅಂತ ನೋಡುವ ಸಾಲು ಹಾಕಿದೆ. ಎರರ್ ಬರಲೇ ಇಲ್ಲ. ಗುಟ್ಟಿನ ನಂಬರ್ 37 ಅಂತ ಇಟ್ಟು 37 ಅಂತಲೇ ಕೊಟ್ಟೆ, ತಪ್ಪು ಅನ್ನುತ್ತಿದೆ!

ಶೈಲಾ: ಹೌದು, ಸ್ಟ್ರಿಂಗ್ 37, ನಂಬರ್ 37 ಎರಡೂ ಬೇರೆ. ಸಮವಾ ಅಂತ ಕೇಳಿದರೆ ಪೈಥಾನ್ ತಕರಾರು ಮಾಡದೆ ಇಲ್ಲ ಅನ್ನುತ್ತದೆ. ಅದು ಹೆಚ್ಚು ಕಷ್ಟದ ತಪ್ಪು. ಅದಕ್ಕೇ ಚಿಕ್ಕದು-ದೊಡ್ಡದು ಮೊದಲು, ಸಮವಾ ಆಮೇಲೆ.

(ಸಾಲಿನ ಕ್ರಮ ಕೂಡ ಪಾಠದ ಭಾಗ ಅನ್ನುವುದು ಇಲ್ಲಿ ಕಂಡಿತು. ಕಾರ್ಯಾಗಾರ ಮಾಡುವವರು ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು, ರೀಡ್‌ಮಿಯ ಅಂದಚಂದಕ್ಕಲ್ಲ.)

ಗಿರೀಶ: ಸರಿಮಾಡಿದ್ದು ಸರಿಯಾಗಿದೆಯಾ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಪೈಟೆಸ್ಟ್ (ಕೋಡನ್ನು ಪರೀಕ್ಷಿಸುವ ಸಾಧನ) ಹಾಕಿಸೋಣ.

ಅನುಷಾ: ಮತ್ತೆ ಇನ್‌ಸ್ಟಾಲ್! ಕ್ವಿಜ್, ಪದ ಎಣಿಸುವುದರ ಕೊನೆಗೆ ಎರಡು ಅಸರ್ಟ್ ಸಾಲು (ಉತ್ತರ ತಪ್ಪಿದ್ದರೆ ಎರರ್ ಕೊಡುವ ಸಾಲು) ಬರಿ. ಸಾಕು.

ಗಿರೀಶ: ಗಿಟ್‌ಹಬ್ (ಕೋಡ್ ಇಟ್ಟು ಹಂಚುವ ವೆಬ್‌ಸೈಟ್) ಆದರೂ ಇರಲಿ. ಅಲ್ಲಿಂದ ಕ್ಲೋನ್ ಮಾಡಲಿ (ನಕಲು ತರಲಿ), ಪುಶ್ ಮಾಡಲಿ (ಬದಲಾವಣೆ ವಾಪಸ್ ಕಳಿಸಲಿ).

ಅನುಷಾ: ಕ್ಲೋನ್ ಸುಲಭ. ಪುಶ್ ಮಾಡುವಾಗ ಅಕೌಂಟ್ ಪಾಸ್‌ವರ್ಡ್ ಹಾಕುತ್ತಾರೆ, ಅದು 2021ರ ಆಗಸ್ಟ್‌ನಿಂದ ನಡೆಯುವುದಿಲ್ಲ. ಪಾಸ್‌ವರ್ಡ್ ಬದಲಿಗೆ ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಅನ್ನುವ ಬೇರೆ ಗುರುತಿನ ಕೀ ಬೇಕು. ಅದನ್ನು ಎಲ್ಲರಿಗೂ ಮಾಡಿಕೊಡಲು ನೀನೊಬ್ಬನೇ ಓಡಾಡುತ್ತೀಯಾ?

ಗಿರೀಶ: ಎರಡನೇ ದಿನ ಮಧ್ಯಾಹ್ನ ನನಗೆ ಒಂದು ಗಂಟೆ ಕೊಡಿ. ವೆನ್ವ್, ಪಿಪ್ (ಲೈಬ್ರರಿ ಇನ್‌ಸ್ಟಾಲ್ ಮಾಡುವುದು), ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವುದು) ನಾನೇ ತೋರಿಸುತ್ತೇನೆ. ಇದು ಬಿಟ್ಟು ಕಳಿಸಿದರೆ ಮನೆಗೆ ಹೋಗಿ ಮುಂದೇನು ಅಂತ ಗೊತ್ತಾಗದೆ ನಿಲ್ಲುತ್ತಾರೆ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ?

(ಇದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಗಿರೀಶನ ಮಾತಿನಲ್ಲಿ ಹುರುಳಿದೆ.)

ಶೈಲಾ: ಆ ಗಂಟೆ ನಿನ್ನದೇ. ಟು-ಡು ವೆಬ್‌ಸೈಟ್ ಕೂಡ ಅಲ್ಲಿಗೇ ಇಟ್ಟುಕೋ. ಹವಾಮಾನದ ಸರ್ವರ್ ಕೊಡುವ ಉತ್ತರವನ್ನು ಒಮ್ಮೆ ತರಿಸಿ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಇಡುವ ಮಾದರಿ) ಫೈಲಾಗಿ ಫೋಲ್ಡರಿನಲ್ಲಿ ಹಾಕು, ನೆಟ್ ಇಲ್ಲದೆಯೂ ಓಡುತ್ತದೆ. ಉಳಿದ ಮೂರಕ್ಕೆ ಒಂದೊಂದು ಕೋಡ್ ಫೈಲ್. 'ಶುರು', 'ಉತ್ತರ' ಅಂತ ಎರಡು ಫೋಲ್ಡರ್.

ಗಿರೀಶ: ನಾಳೆ ಹೊಸ ಜಿಪ್ ಹಾಕುತ್ತೇನೆ. ಥಾನಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ನೆನಪಿರಲಿ.

ಮಂಜು: ಹೊಸ ಜಿಪ್ ಪರೀಕ್ಷಿಸಲು ನನ್ನ ಲ್ಯಾಪ್‌ಟಾಪ್ ಇನ್ನು ಆಗುವುದಿಲ್ಲ, ಥಾನಿ ಹಾಕಿಯಾಯಿತಲ್ಲ. ಏನೂ ಹಾಕದ ವಿಂಡೋಸ್ ಯಾರ ಹತ್ತಿರ ಇದೆ?

ಅನುಷಾ: ನನ್ನ ತಮ್ಮನದ್ದಿದೆ. ಅವನಿಗೆ ಕೋಡಿಂಗೂ ಬರುವುದಿಲ್ಲ. ಜಿಪ್ ಅವನ ಕೈಗೇ ಕೊಡುತ್ತೇನೆ, ಯಾರೂ ಫೋನ್ ಮಾಡಿ ಹೇಳಿಕೊಡಬಾರದು.