ಆಟೋಮ್ಯಾಟಿಕ್ ಡ್ರ್ಯಾಗ್ ಕಾರಿಗೆ ಹಿಂದಿನ ಆಕ್ಸಲ್ ರೇಷಿಯೊ: 4.30 ಅಥವಾ 4.57?

ಪ್ರಶ್ನೆ (ಪಿಂಪ್ರಿ, ಪುಣೆ)
ನಮಸ್ಕಾರ. ಷೆವ್ರೊಲೆ 350 ಸ್ಮಾಲ್ ಬ್ಲಾಕ್, ಟರ್ಬೊ 350 ಗೇರ್‌ಬಾಕ್ಸ್, 3500 ಸ್ಟಾಲ್ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ಕೊಡುವ ಭಾಗ; ಗಾಡಿ ನಿಂತಿರುವಾಗ ಎಂಜಿನ್ ಸುಮಾರು 3500 ಆರ್‌ಪಿಎಂ ತನಕ ಏರುತ್ತೆ), ಫೋರ್ಡ್ 9 ಇಂಚಿನ ಆಕ್ಸಲ್, 28 ಇಂಚಿನ ಸ್ಲಿಕ್ (ರೇಸಿನ ನುಣುಪು ಟೈರು). ಈಗಿರುವ ಕ್ರೌನ್-ಪಿನಿಯನ್ (ಆಕ್ಸಲ್‌ನ ಗೇರ್ ಜೋಡಿ) ರೇಷಿಯೊ 3.50, ಅಂದ್ರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 3.50 ಸುತ್ತು. ಪವರ್ ತುದಿ ಮುಟ್ಟೋದು 6200 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತು), ಶಿಫ್ಟ್ 6500ಕ್ಕೆ. 402 ಮೀಟರ್ ಮುಗಿಯುವಾಗ ವೇಗ 172 ಕಿ.ಮೀ., ಆದರೆ ಟ್ಯಾಕೊಮೀಟರ್‌ನಲ್ಲಿ ಬರೀ 4800. ಓಡೋದು ಏರ್‌ಸ್ಟ್ರಿಪ್ ಮೇಲೆ. ರಸ್ತೆ ಟೈರು ಹಾಕಿ ಆಗಾಗ ಎಕ್ಸ್‌ಪ್ರೆಸ್‌ವೇಗೂ ಹೋಗುತ್ತೆ. 4.86 ಹಾಕಿದ್ರೆ ಲಾಂಚ್ (ನಿಂತಲ್ಲಿಂದ ಹೊರಡೋದು) ಚುರುಕಾಗುತ್ತೆ ಅಂತಾರೆ. ಸರಿನಾ?

ಉತ್ತರ 1 (ಠಾಣೆ)
ಸರ್, ಲಾಂಚ್ ನೋಡಿ ರೇಷಿಯೊ ಆರಿಸೋದು ಮ್ಯಾನ್ಯುವಲ್ ಗಾಡಿಯ ಲೆಕ್ಕ. ನಿಮ್ಮ ಗಾಡಿಯಲ್ಲಿ ನಿಂತಲ್ಲಿಂದ ಎಳೆಯುವಾಗ ಕನ್ವರ್ಟರೇ ಟಾರ್ಕನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಡುತ್ತೆ. ಗೆರೆ ದಾಟುವಾಗ ಬೇಕಾದ ಆರ್‌ಪಿಎಂ ಹಿಡಿದು ಅಲ್ಲಿಂದ ಹಿಂದಕ್ಕೆ ಬನ್ನಿ.

ಆರ್‌ಪಿಎಂ = ಗಂಟೆಗೆ ಕಿ.ಮೀ. × ರೇಷಿಯೊ × 208.9 ÷ ಟೈರಿನ ವ್ಯಾಸ ಇಂಚಿನಲ್ಲಿ. ಇದು ಟಾಪ್ ಗೇರ್ 1:1 ಇದ್ದಾಗ.

172 × 3.50 × 208.9 ÷ 28 ಅಂದ್ರೆ 4491. ನಿಮ್ಮ ಟ್ಯಾಕೊ 4800 ತೋರಿಸಿದೆ, ಅಂದ್ರೆ ಕನ್ವರ್ಟರ್ ಸ್ಲಿಪ್ (ಎಂಜಿನ್ ಸುತ್ತಿನಲ್ಲಿ ಗೇರ್‌ಬಾಕ್ಸಿಗೆ ದಾಟದ ಪಾಲು) ಸುಮಾರು 6.4%. ಸ್ಟಾಲ್ ವೇಗದಿಂದ ಎಂಜಿನ್ ಮೇಲೇರಿದಷ್ಟೂ ಸ್ಲಿಪ್ ಇಳಿಯುತ್ತೆ, ಅದಕ್ಕೆ ಮುಂದಿನ ಲೆಕ್ಕಕ್ಕೆ 6% ಹಿಡಿದಿದ್ದೇನೆ. ಕ್ರೌನ್-ಪಿನಿಯನ್ ಬದಲಾದ ಮೇಲೆ ವೇಗ 176ಕ್ಕೆ ಏರುತ್ತೆ ಅಂದ್ಕೊಂಡ್ರೆ ಗೆರೆಯ ಬಳಿ 4.11ರಲ್ಲಿ 5740, 4.30ರಲ್ಲಿ 6010, 4.57ರಲ್ಲಿ 6380, 4.86ರಲ್ಲಿ 6790. 4.86 ನಿಮ್ಮ ಶಿಫ್ಟ್ ಮಿತಿಯನ್ನೇ ದಾಟಿಬಿಡ್ತು, ಬೇಡ. ಪವರ್ ತುದಿಗಿಂತ 100–200 ಮೇಲೆ ಗೆರೆ ದಾಟಬೇಕು, ಅದು 4.57.

ಈಗಿನ ನಷ್ಟ ಎಲ್ಲಿದೆ ಅಂದ್ರೆ, 3.50ರಲ್ಲಿ ಎರಡನೇ ಗೇರ್ ಸುಮಾರು 154 ಕಿ.ಮೀ. ತನಕ ಎಳೆಯುತ್ತೆ. ಮೂರನೆಯದು ಬಿದ್ದ ಮೇಲೆ ಎಂಜಿನ್ ತನ್ನ ಬಲದ ಜಾಗಕ್ಕೆ ಹತ್ತೋದ್ರೊಳಗೆ ಓಟ ಮುಗಿದಿರುತ್ತೆ. 4.57ರಲ್ಲಿ ಆ ಶಿಫ್ಟ್ 118ಕ್ಕೇ ಬರುತ್ತೆ.

ಟೈರಿನ ಪಕ್ಕದಲ್ಲಿ ಬರೆದ 28 ನಂಬಬೇಡಿ. ರೇಸಿನ ಗಾಳಿ ತುಂಬಿ, ಗಾಡಿ ನೆಲದ ಮೇಲಿರುವಾಗಲೇ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ. ಸೆಂಟಿಮೀಟರನ್ನು 7.98ರಿಂದ ಭಾಗಿಸಿದ್ರೆ ವ್ಯಾಸ ಇಂಚಿನಲ್ಲಿ ಸಿಗುತ್ತೆ. ಬಯಾಸ್ ಸ್ಲಿಕ್ ಆದ್ರೆ ವೇಗದಲ್ಲಿ ಹಿಗ್ಗುತ್ತೆ, ಆರ್‌ಪಿಎಂ ಇನ್ನಷ್ಟು ಇಳಿಯುತ್ತೆ.

ಉತ್ತರ 2 (ಮಡಗಾಂವ)
ಲೆಕ್ಕ ಸರಿ ಐತ್ರಿ, ಆದ್ರ ನೆಲ ನೋಡ್ರಿ. ಏರ್‌ಸ್ಟ್ರಿಪ್‌ಗೆ ಡ್ರ್ಯಾಗ್ ಟ್ರ್ಯಾಕಿನಂಗ ಅಂಟು ಹೊಡೆದಿರಂಗಿಲ್ಲ. ಟರ್ಬೊ 350ರ ಮೊದಲನೇ ಗೇರ್ 2.52. 3.50 ಜೊತೆ ಒಟ್ಟು 8.82, 4.57 ಜೊತೆ 11.5. ಟೈರ್ ಸುತ್ತಿದ್ರ ಮೊದಲ 20 ಮೀಟರ್‌ನಾಗ ಕಳಕೊಂಡಿದ್ದು ಕೊನೀಗೆ ಸಿಗಂಗಿಲ್ಲ. 4.30 ಹಾಕ್ರಿ, ಒಟ್ಟು 10.8 ಆಗ್ತದ. ಗೆರೆ ದಾಟೂ ಮುಂದ 200 ಕಡಿಮಿ ಬಂದ್ರೂ ಪವರ್ ಅಷ್ಟೇನೂ ಬಿದ್ದಿರಂಗಿಲ್ಲ.

ಎಕ್ಸ್‌ಪ್ರೆಸ್‌ವೇದಾಗ 100ಕ್ಕ ಅದೇ ಎತ್ತರದ ಟೈರ್ ಇದ್ರ 4.57 ಸ್ಲಿಪ್ ಬಿಟ್ಟು 3410 ತಿರಗ್ತದ, 4.30 ಆದ್ರ 3210. ಎರಡೂ 3500 ಸ್ಟಾಲ್‌ಗಿಂತ ಕೆಳಗ, ಎಣ್ಣಿ ಕಾಯ್ತದ. ದೊಡ್ಡ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣಿ) ಕೂಲರ್ ಇಲ್ಲದ ಖಂಡಾಲಾ ಘಾಟ್ ಹತ್ತಬ್ಯಾಡ್ರಿ.

ರಸ್ತಿಗೂ ಹೋಗೂ ಗಾಡಿಗೆ 9310 ಉಕ್ಕಿನ ರೇಸ್ ಗೇರ್ ತಗೋಬ್ಯಾಡ್ರಿ. ಹೊಡೆತ ತಡೀತಾವ ಖರೆ, ಆದ್ರ ರಸ್ತಿ ಮ್ಯಾಲ ಲಗೂನ ಸವೀತಾವ. 8620 ಸಾಕು. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಸೆಟ್ಟಿನ ಮ್ಯಾಲ ಬರೆದಷ್ಟೇ ಇಡಸ್ರಿ, ಮಾರ್ಕಿಂಗ್ ಪೇಸ್ಟ್ ಹಚ್ಚಿ ಹಲ್ಲಿನ ಗುರುತು ನೋಡ್ರಿ. ಹೊಸಾ ಗೇರ್ ಹಾಕಿದ ಕೂಡಲೇ ಲಾಂಚ್ ಮಾಡಬ್ಯಾಡ್ರಿ: 25 ಕಿ.ಮೀ. ಹಗುರ ಓಡಿಸಿ ಪೂರ್ತಿ ತಣ್ಣಗಾಗಾಕ ಬಿಡ್ರಿ, ಹಂಗ ಎರಡು-ಮೂರು ಸಲ. 800 ಕಿ.ಮೀ.ಗೆ ಆಕ್ಸಲ್ ಎಣ್ಣಿ ಬದಲಿಸ್ರಿ.

ಪ್ರಶ್ನೆ ಕೇಳಿದವರು
ಟೈರ್ ಉರುಳಿಸಿ ಅಳೆದೆ, 221 ಸೆಂ.ಮೀ. ಬಂತು. ಅಂದ್ರೆ 27.7 ಇಂಚು. 4.30 ಗಟ್ಟಿ ಮಾಡ್ತೇನೆ. ಬೇರೆ ಏನಾದ್ರೂ ಬದಲಿಸಬೇಕಾ?

ಉತ್ತರ 1 (ಠಾಣೆ)
27.7 ಅಂದ್ರೆ 4.30ರಲ್ಲೇ ಸುಮಾರು 6070 ಬರುತ್ತೆ, ಒಳ್ಳೇದೇ ಆಯ್ತು. ಎರಡು ಕೆಲಸ ಬಾಕಿ. ಪ್ರೊಪೆಲ್ಲರ್ ಶಾಫ್ಟ್ ಗೆರೆಯ ಬಳಿ 4500ರ ಬದಲು 5700 ಸುತ್ತು ತಿರುಗುತ್ತೆ, ಅದನ್ನು ಬ್ಯಾಲೆನ್ಸ್ ಮಾಡಿಸಿ, ಯು-ಜಾಯಿಂಟ್ ಹೊಸದು ಹಾಕಿ, ಸೇಫ್ಟಿ ಲೂಪ್ (ಶಾಫ್ಟ್ ಮುರಿದರೆ ಕೆಳಗೆ ಬೀಳದಂತೆ ಹಿಡಿಯುವ ಬಳೆ) ಇಲ್ಲದಿದ್ರೆ ಕಟ್ಟಿಸಿ. ಸ್ಪೀಡೊಮೀಟರ್ ಗೇರ್‌ಬಾಕ್ಸಿನ ಬಾಲದಿಂದ ಓಡೋದ್ರಿಂದ ಈಗಿಗಿಂತ ಸುಮಾರು 23% ಹೆಚ್ಚು ತೋರಿಸುತ್ತೆ. ಅಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಗೇರನ್ನು ಹೆಚ್ಚು ಹಲ್ಲಿನದಕ್ಕೆ ಬದಲಿಸಿಕೊಳ್ಳಿ.