ಚಳಿ ಶುರುವಾಗುವ ಮುನ್ನ ಹೊರಗಿನ ಕುಂಡಗಳಿಗೆ ಏನು ಮಾಡಬೇಕು?

ಪ್ರಶ್ನೆ: ಎಡಿಸನ್, ನ್ಯೂಜೆರ್ಸಿ

ಡೆಕ್ ಮೇಲೆ ಕರಿಬೇವು, ದುಂಡುಮಲ್ಲಿಗೆ, ತುಳಸಿ, ದಾಸವಾಳ ಬೇಸಿಗೆಯಿಡೀ ಸೊಂಪಾಗಿ ಬೆಳೆದಿವೆ. ಸುಟ್ಟ ಮಣ್ಣಿನ ಕುಂಡದಲ್ಲಿ ಒಂದು ಗುಲಾಬಿಯೂ ಇದೆ. ನಮಗೆ ಇಲ್ಲಿ ಇದು ಮೊದಲ ಚಳಿಗಾಲ. ಯಾವುದನ್ನು ಯಾವಾಗ ಒಳಗೆ ತರಬೇಕು? ತಂದ ಮೇಲೆ ಹೇಗೆ ನೋಡಿಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಪಿಸ್ಕಾಟವೇ, ನ್ಯೂಜೆರ್ಸಿ

ಹಿಮ ಬೀಳುವವರೆಗೆ ಖಂಡಿತ ಕಾಯಬೇಡಿ. ರಾತ್ರಿಯ ತಾಪಮಾನ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯತೊಡಗಿದರೆ ಕರಿಬೇವು ಚಿಗುರುವುದನ್ನು ನಿಲ್ಲಿಸುತ್ತದೆ. ನಮ್ಮ ಕಡೆ ಸೆಪ್ಟೆಂಬರ್ ಕೊನೆಗೇ ಅಂಥ ರಾತ್ರಿಗಳು ಬರುತ್ತವೆ. ಬಿಸಿಲಿನಿಂದ ಎತ್ತಿ ನೇರವಾಗಿ ಕೋಣೆಯೊಳಗೆ ಇಟ್ಟರೆ ಎಲೆಗಳೆಲ್ಲ ಉದುರುತ್ತವೆ. ಮೊದಲು ಒಂದು ವಾರ ಡೆಕ್‌ನಲ್ಲೇ ನೆರಳಿರುವ ಕಡೆ ಇಡಿ, ಆಮೇಲೆ ದಕ್ಷಿಣದ ಕಿಟಕಿಗೆ ತನ್ನಿ. ಹೀಟರ್‌ನ ಬಿಸಿಗಾಳಿ ನೇರವಾಗಿ ಬಡಿಯುವ ಜಾಗ ಬೇಡ.

ಇಷ್ಟು ಮಾಡಿದರೂ ಜನವರಿಯಲ್ಲಿ ಕರಿಬೇವು ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲಬಹುದು. ಆಗ ಗಾಬರಿಯಿಂದ ನೀರು ಸುರಿಯುವುದೇ ಗಿಡಕ್ಕೆ ಮುಳುವಾಗುತ್ತದೆ. ಎಲೆಯಿಲ್ಲದ ಗಿಡ ಹೆಚ್ಚು ನೀರು ಹೀರುವುದಿಲ್ಲ, ತಣ್ಣನೆಯ ಹಸಿಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರು ಕಂಡರೆ ಜೀವ ಇದೆ ಎಂದೇ ಅರ್ಥ. ಮಣ್ಣಿನೊಳಗೆ ಬೆರಳು ತೂರಿಸಿ, ಎರಡು ಗೆಣ್ಣಿನಷ್ಟು ಆಳ ಒಣಗಿದ್ದರೆ ಮಾತ್ರ ನೀರು ಹಾಕಿ. ಗೊಬ್ಬರ ಮತ್ತು ಹೊಸ ಕುಂಡಕ್ಕೆ ಬದಲಾಯಿಸುವ ಕೆಲಸ, ಎರಡನ್ನೂ ವಸಂತಕ್ಕೆ ಬಿಡಿ.

ತುಳಸಿಯ ವಿಷಯ ಬೇರೆ. ಉತ್ಥಾನ ದ್ವಾದಶಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಬರುತ್ತದೆ. ಅಷ್ಟರಲ್ಲಿ ಇಲ್ಲಿ ಹೆಪ್ಪುಮಂಜು ಬಿದ್ದು, ಹೊರಗೆ ಬಿಟ್ಟ ತುಳಸಿ ಕಪ್ಪಾಗಿರುತ್ತದೆ. ಹಬ್ಬಕ್ಕೆ ಹಸಿರು ಗಿಡ ಬೇಕೆಂದರೆ ಎಲ್ಲಕ್ಕಿಂತ ಮೊದಲು ಅದನ್ನೇ ಒಳಗೆ ತನ್ನಿ. ಒಣಗಿದ ಕದಿರುಗಳನ್ನು ಕಾಗದದ ಪೊಟ್ಟಣದಲ್ಲಿ ಎತ್ತಿಡಿ. ಗಿಡ ಚಳಿಗಾಲ ದಾಟದಿದ್ದರೂ ಏಪ್ರಿಲ್‌ನಲ್ಲಿ ಒಳಗೇ ಬೀಜ ಚೆಲ್ಲಿ ಸಸಿ ಮಾಡಿಕೊಳ್ಳಬಹುದು.

ದೆಹಲಿ

ನಮ್ಮಲ್ಲಿ ಹಿಮ ಇಲ್ಲ, ಆದರೆ ಜನವರಿಯ ರಾತ್ರಿಗಳು 4-5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತವೆ, ಮಂಜು ಕವಿದರೆ ಬಿಸಿಲೂ ಸಿಗುವುದಿಲ್ಲ. ಕರಿಬೇವು ಎಲೆ ಉದುರಿಸಿಕೊಂಡು ಬಾಲ್ಕನಿಯಲ್ಲೇ ಬದುಕುತ್ತದೆ. ತುಳಸಿ ತಡೆಯುವುದಿಲ್ಲ. ಇಲ್ಲಿನವರು ರಾತ್ರಿ ಅದಕ್ಕೆ ತೆಳುವಾದ ಕೆಂಪು ಬಟ್ಟೆ ಹೊದಿಸುತ್ತಾರೆ, ನಾವೂ ಹಾಗೇ ಮಾಡುತ್ತೇವೆ. ಬೆಳಿಗ್ಗೆ ತೆಗೆಯುವುದನ್ನು ಮರೆಯಬಾರದು.

ಟೊರಾಂಟೊ

ಗುಲಾಬಿಯ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಬೆಚ್ಚಗಿನ ಕೋಣೆಗೆ ತರಬೇಡಿ, ಅದಕ್ಕೆ ಚಳಿಯ ನಿದ್ದೆ ಬೇಕೇ ಬೇಕು. ಹಾಗೆಂದು ಬಯಲಲ್ಲೂ ಬಿಡುವಂತಿಲ್ಲ. ನೆಲದಲ್ಲಿರುವ ಬೇರಿಗೆ ಸುತ್ತಲಿನ ಮಣ್ಣೇ ಕಂಬಳಿ. ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಶೀತ ಹೊಡೆಯುತ್ತದೆ. ಎಲೆ ಉದುರಿದ ಮೇಲೆ ಹೀಟರ್ ಇಲ್ಲದ ಗ್ಯಾರೇಜಿನ ಮೂಲೆಗೆ ಸರಿಸಿ, ಮಣ್ಣು ಪೂರ್ತಿ ಒಣಗಿ ಹೋಗದಂತೆ ಆಗಾಗ ಒಂದಿಷ್ಟು ನೀರು ಕೊಟ್ಟರೆ ಸಾಕು.

ಸುಟ್ಟ ಮಣ್ಣಿನ ಕುಂಡ ಖಾಲಿಯಿದ್ದರೂ ಹೊರಗೆ ಇಡಬೇಡಿ. ಅದರ ಗೋಡೆ ನೀರನ್ನು ಹೀರಿಕೊಂಡಿರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಹಾಗಾಗಿ ಕುಂಡ ಪದರ ಪದರವಾಗಿ ಸುಲಿಯುತ್ತದೆ ಅಥವಾ ಸೀಳುತ್ತದೆ.

ಶಿಕಾಗೊ

ಒಳಗೆ ತರುವ ಮುನ್ನ ಪ್ರತಿ ಎಲೆಯನ್ನೂ ತಿರುಗಿಸಿ ನೋಡಿ. ಈ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹೋದರೂ ಚಿಂತೆಯಿಲ್ಲ. ಕರಿಬೇವಿನ ಎಲೆಯ ನಡುನರದ ಉದ್ದಕ್ಕೂ ಕಂದು ಬಣ್ಣದ ಚಪ್ಪಟೆ ಚುಕ್ಕೆಗಳಿದ್ದು, ಉಗುರಿಗೆ ಎದ್ದುಬಂದರೆ ಅವು ಶಲ್ಕ ಕೀಟಗಳು, ಅಂದರೆ ಎಲೆಗೆ ಅಂಟಿಕೊಂಡು ರಸ ಹೀರುವ ಸ್ಕೇಲ್ ಹುಳುಗಳು. ಕೆಳಗಿನ ಎಲೆಗಳು ಅಂಟಂಟಾಗಿದ್ದರೂ ಅನುಮಾನಿಸಿ. ಹೊರಗಿನ ಇರುವೆ, ಜೇಡ, ಮಳೆಗಳೇ ಈ ಕೀಟಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ ಎಂದುಕೊಳ್ಳಬೇಡಿ, ಕೀಟಗಳು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆ ಅವನ್ನು ಕಾಯುತ್ತದೆ. ಪೈಪಿನ ನೀರಿನಿಂದ ಎಲೆಯ ಅಡಿಭಾಗವನ್ನು ರಭಸವಾಗಿ ತೊಳೆದು, ಬೇವಿನೆಣ್ಣೆಗೆ ನಾಲ್ಕು ಹನಿ ಸೋಪು ಬೆರೆಸಿದ ನೀರನ್ನು ಸಂಜೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ದಾಸವಾಳಕ್ಕೂ ಮಲ್ಲಿಗೆಗೂ ಇದೇ ಉಪಚಾರ. ಮಲ್ಲಿಗೆಯ ಉದ್ದನೆಯ ಬಳ್ಳಿಗಳನ್ನು ಮೂರನೇ ಒಂದು ಭಾಗ ಕತ್ತರಿಸಿದರೆ ಜಾಗವೂ ಉಳಿಯುತ್ತದೆ.

ಡಿಸೆಂಬರ್‌ನಲ್ಲಿ ಹಗಲು ಒಂಬತ್ತು ಗಂಟೆಯ ಆಸುಪಾಸು ಮಾತ್ರ. ಕಿಟಕಿ ಚಿಕ್ಕದಾಗಿದ್ದರೆ ಒಂದು ಎಲ್‌ಇಡಿ ದೀಪವನ್ನು ಟೈಮರ್‌ಗೆ ಜೋಡಿಸಿ, ದಿನಕ್ಕೆ ಹನ್ನೆರಡು ಗಂಟೆ ಉರಿಯಲಿ. ಮೇ ನಡುವಿನವರೆಗೆ ಹೊರಗಿಡುವ ಆತುರ ಬೇಡ.

ಇನ್ನೊಂದು ಮಾತು. ಕರಿಬೇವು ಸತ್ತುಹೋದರೆ ಫ್ಲೋರಿಡಾದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಸ್ನೇಹಿತರಿಂದ ಸಸಿ ತರಿಸಿಕೊಳ್ಳಬೇಡಿ. ಕಿತ್ತಳೆ, ನಿಂಬೆ ಗಿಡಗಳ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಆದ್ದರಿಂದ ಅಲ್ಲಿಂದ ಗಿಡ ಸಾಗಿಸಲು ನಿರ್ಬಂಧಗಳಿವೆ. ನಿಮ್ಮ ಊರಿನಲ್ಲೇ ಯಾರ ಮನೆಯಲ್ಲಾದರೂ ದೊಡ್ಡ ಗಿಡ ಇದ್ದರೆ ಅದರ ಬುಡದಲ್ಲಿ ಎದ್ದ ಮರಿಯನ್ನು ಕೇಳಿ ತನ್ನಿ.